ಆಫರ್ ಲೆಟರ್ ಬಂದಿದೆ, ಫೆಲೋಶಿಪ್ ಬಂದಿಲ್ಲ

ಬ್ರಿಟನ್ನಿನ ವಿಶ್ವವಿದ್ಯಾನಿಲಯದಿಂದ ಪಿಎಚ್‌ಡಿ ಆಫರ್ ಲೆಟರ್ ಬಂದಾಗ ಮನೆಯವರೆಲ್ಲ ಓದುವುದು ಮೇಲಿನ ‘ಅಭಿನಂದನೆಗಳು’ ಎಂಬ ಸಾಲನ್ನು. ನಿಧಾನವಾಗಿ ಓದಬೇಕಾದದ್ದು ಅದರ ಕೆಳಗಿನ ಮೂರು ಸಾಲು. ಫೀ ಸ್ಟೇಟಸ್: ಓವರ್‌ಸೀಸ್. ವರ್ಷದ ಫೀ: ಇಷ್ಟು ಪೌಂಡ್, ಪ್ರತಿವರ್ಷ ಹೆಚ್ಚಬಹುದು. ಫಂಡಿಂಗ್: ಸೆಲ್ಫ್. ಕಾಸರಗೋಡಿನ ಬದಿಯಡ್ಕದಲ್ಲೋ ಪೆರ್ಲದಲ್ಲೋ ಎರಡೆಕರೆ ಅಡಿಕೆ ತೋಟ ಇರುವ ಮನೆಯೊಂದರ ಮುಂದಿನ ಹದಿನೈದಿಪ್ಪತ್ತು ವರ್ಷ ಆ ಕೊನೆಯ ಒಂದು ಪದದಲ್ಲಿ ಅಡಗಿದೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳುತ್ತೇನೆ. ಪಿಎಚ್‌ಡಿ ಎಂಬುದು ಎಂಎ, ಎಂಎಸ್ಸಿಯ ಮುಂದಿನ ತರಗತಿಯಲ್ಲ, ಅದು ಕೆಲಸ. ಲ್ಯಾಬಿನ ಪ್ರಯೋಗ ನಡೆಸುವವರು, ಪ್ರಬಂಧ ಬರೆದು ಪ್ರಾಧ್ಯಾಪಕರ ಹೆಸರಿನ ಜೊತೆ ಪ್ರಕಟಿಸುವವರು, ಕಿರಿಯರಿಗೆ ಪಾಠ ಹೇಳುವವರು ಇವರೇ. ಆ ಕೆಲಸಕ್ಕೆ ಸಂಬಳವೋ ಫೆಲೋಶಿಪ್ಪೋ ಕೊಡುವುದು ಜಗತ್ತಿನ ಬಹುಭಾಗದಲ್ಲಿ ರೂಢಿ. ಹಾಗಿರುವಾಗ ಕೈಯಿಂದ ದುಡ್ಡು ಕೊಟ್ಟು ಮಾಡಬೇಕಾಗಿ ಬಂದರೆ, ಅದಕ್ಕೆ ಬಹಳ ಗಟ್ಟಿಯಾದ ಕಾರಣ ಬೇಕು. ‘ಹೊರದೇಶ’ ಎಂಬುದು ಅಷ್ಟು ಗಟ್ಟಿಯಾದ ಕಾರಣವಲ್ಲ.

ಪೌಂಡಿನಲ್ಲಿ ಲೆಕ್ಕ ಹಾಕಿದರೆ ಭಾರ ಕೈಗೆ ಹತ್ತುವುದಿಲ್ಲ. ಅಡಿಕೆಯಲ್ಲಿ ಹಾಕೋಣ.

ಹೊರದೇಶದವರಿಗೆ ಬ್ರಿಟನ್ನಿನ ಪಿಎಚ್‌ಡಿ ಫೀ ಭಾಷೆ, ಇತಿಹಾಸದಂಥ ವಿಷಯಗಳಿಗೆ ವರ್ಷಕ್ಕೆ ಹೆಚ್ಚುಕಡಿಮೆ 18,000ದಿಂದ 26,000 ಪೌಂಡ್. ಲ್ಯಾಬ್ ಬೇಕಾದ ವಿಜ್ಞಾನಕ್ಕೆ ಅದಕ್ಕಿಂತ ಮೇಲೆ, ಕೆಲವು ಕಡೆ ಇದರ ಮೇಲೆ ಲ್ಯಾಬಿನ ಬಳಕೆಗೆ ಬೆಂಚ್ ಫೀ ಎಂದು ಪ್ರತ್ಯೇಕ. 24,000 ಎಂದು ಹಿಡಿದರೆ ಮೂರು ವರ್ಷಕ್ಕೆ 72,000. ಲಂಡನ್ನಿನ ಹೊರಗೆ ಬಾಡಿಗೆ, ಊಟ, ಬಸ್ಸು ಸೇರಿ ತಿಂಗಳಿಗೆ 1,150 ಪೌಂಡಿನಂತೆ ಮೂರೂವರೆ ವರ್ಷಕ್ಕೆ 48,300. ವೀಸಾ ಜೊತೆಗೇ ಕಟ್ಟಬೇಕಾದ ಆರೋಗ್ಯ ಸರ್‌ಚಾರ್ಜ್ ವರ್ಷಕ್ಕೆ 776ರಂತೆ ಸುಮಾರು 2,700. ಇದಕ್ಕೆ ಕಂತಿಲ್ಲ, ಪೂರ್ತಿ ಮೊದಲೇ ಕಟ್ಟಬೇಕು. ವೀಸಾ ಫೀ 2025ರಲ್ಲಿ 524. ಒಟ್ಟು 1,23,500 ಪೌಂಡ್ ಆಯಿತು. ಪೌಂಡಿಗೆ 115 ರೂಪಾಯಿ ಹಿಡಿದರೆ 1 ಕೋಟಿ 42 ಲಕ್ಷ. ವಿಮಾನದ ಟಿಕೆಟ್ ಇದರಲ್ಲಿ ಸೇರಿಲ್ಲ.

ಈಗ ತೋಟಕ್ಕೆ ಬನ್ನಿ. 2.7 ಮೀಟರ್ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 550 ಮರ. ಮರವೊಂದಕ್ಕೆ ಎರಡು ಕಿಲೋ ಚಾಲಿ (ಒಣಗಿಸಿ ಸುಲಿದ ಅಡಿಕೆ) ಎಂದರೆ 11 ಕ್ವಿಂಟಲ್. ಕಿಲೋಗೆ 400 ರೂಪಾಯಿ ಹಿಡಿದರೆ 4 ಲಕ್ಷ 40 ಸಾವಿರ. ಗೊಬ್ಬರ, ಮಳೆಗಾಲದ ಬೋರ್ಡೋ ಸಿಂಪಡಣೆ, ಕೊಯ್ಲು, ಸುಲಿತ ಎಲ್ಲ ಕಳೆದು ಅರ್ಧ ಉಳಿಯಿತೆಂದಿಟ್ಟುಕೊಳ್ಳಿ: 2 ಲಕ್ಷ 20 ಸಾವಿರ. ಎರಡೆಕರೆಯಿಂದ ವರ್ಷಕ್ಕೆ 4 ಲಕ್ಷ 40 ಸಾವಿರ. ಆ ಪಿಎಚ್‌ಡಿಯ ಖರ್ಚು ಈ ತೋಟದ ಮೂವತ್ತೆರಡು ವರ್ಷದ ಉಳಿಕೆ, ಅದೂ ಒಂದು ವರ್ಷವೂ ಕೊಳೆರೋಗ ಬಾರದೆ, ಹಳದಿ ಎಲೆ ರೋಗ ಈ ಕಡೆಗೆ ಕಾಲಿಡದೆ, ಮನೆಯವರು ಅದರಲ್ಲಿ ಒಂದು ರೂಪಾಯಿಯನ್ನೂ ಊಟಕ್ಕೆ ಬಳಸದೆ ಇದ್ದರೆ.

ಸಾಲ ತೆಗೆದರಾಯಿತು ಎನ್ನುವವರು ಇನ್ನೊಂದು ಲೆಕ್ಕವನ್ನೂ ನೋಡಬೇಕು. ವರ್ಷಕ್ಕೆ 20 ಲಕ್ಷದಂತೆ ಮೂರು ವರ್ಷ 60 ಲಕ್ಷ ಸಾಲ, ಶೇ 10.5 ಬಡ್ಡಿ ಎಂದಿಟ್ಟುಕೊಳ್ಳಿ. ಮೇಲಿನ ಖರ್ಚಿನ ಅರ್ಧವೂ ಇದಲ್ಲ. ಕೋರ್ಸಿನ ಮೂರು ವರ್ಷ ಮತ್ತು ಆಮೇಲಿನ ಒಂದು ವರ್ಷ ಕಂತು ಕಟ್ಟಬೇಕಾಗಿಲ್ಲ, ಆದರೆ ಬಡ್ಡಿ ನಿಲ್ಲುವುದಿಲ್ಲ. ನಾಲ್ಕನೇ ವರ್ಷದ ಕೊನೆಗೆ ಸಾದಾ ಬಡ್ಡಿಯೇ 18 ಲಕ್ಷ 90 ಸಾವಿರ ಸೇರಿ ಅಸಲು 78 ಲಕ್ಷ 90 ಸಾವಿರ ಆಗಿರುತ್ತದೆ. ಹದಿನೈದು ವರ್ಷದಲ್ಲಿ ತೀರಿಸುವುದಾದರೆ ತಿಂಗಳ ಕಂತು ಸುಮಾರು 87,000 ರೂಪಾಯಿ. ಒಟ್ಟು ಕಟ್ಟುವುದು 1 ಕೋಟಿ 57 ಲಕ್ಷ. ಊರಿಗೆ ಮರಳಿ ಕಾಲೇಜಿನಲ್ಲಿ ಅಸಿಸ್ಟೆಂಟ್ ಪ್ರೊಫೆಸರ್ ಆದರೆ ಯುಜಿಸಿ ಪ್ರಕಾರ ಆರಂಭದ ಮೂಲವೇತನ 57,700. ತುಟ್ಟಿಭತ್ಯೆ, ಮನೆಬಾಡಿಗೆ ಭತ್ಯೆ ಎಲ್ಲ ಸೇರಿ ಕೈಗೆ ಬರುವುದರಲ್ಲಿ ಕಂತು ಹೋದಮೇಲೆ ಉಳಿಯುವುದು ಬಹಳ ಕಡಿಮೆ. ಹಾಗಾಗಿ ಸಾಲ ಮಾಡಿ ಹೋದವರು ಊರಿಗೆ ಮರಳುವ ಆಯ್ಕೆಯನ್ನು ಹೊರಡುವ ದಿನವೇ ಬಿಟ್ಟುಕೊಟ್ಟಿರುತ್ತಾರೆ. ಪೌಂಡಿನಲ್ಲಿ ದುಡಿದೇ ತೀರಿಸಬೇಕು. ಈ ಮಾತನ್ನು ಮನೆಯಲ್ಲಿ ಬಿಡಿಸಿ ಹೇಳಿರುವುದು ಕಡಿಮೆ. “ಜಾಗೆ ಅಡವಿಟ್ಟಾದರೂ ಕಳಿಸುವ ಮಗಾ” ಎನ್ನುವ ಅಪ್ಪನ ಮನಸ್ಸಿನಲ್ಲಿ ಮಗಳು ಐದು ವರ್ಷದಲ್ಲಿ ಡಾಕ್ಟರೇಟ್ ಪಡೆದು ಮಂಗಳೂರಿಗೋ ಪೆರಿಯಕ್ಕೋ ಬಂದು ಪಾಠ ಮಾಡುವ ಚಿತ್ರ ಇರುತ್ತದೆ. ಆ ಚಿತ್ರಕ್ಕೂ ಆ ಕಂತಿಗೂ ತಾಳೆಯಾಗುವುದಿಲ್ಲ.

ಜಾಗೆ ಅಡವಿಡುವುದೂ ಮಾತಿನಷ್ಟು ಸುಲಭವಲ್ಲ. ಭಾರತೀಯ ಬ್ಯಾಂಕುಗಳ ಸಂಘದ ಮಾದರಿ ಯೋಜನೆಯಲ್ಲಿ ಆಸ್ತಿಯ ಭದ್ರತೆ ಇಲ್ಲದೆ ಸಿಗುವುದು ಏಳೂವರೆ ಲಕ್ಷದವರೆಗೆ. ಅದಕ್ಕಿಂತ ಮೇಲಕ್ಕೆ ಆಸ್ತಿ ಬೇಕು, ಹೊರದೇಶದ ಓದಾದರೆ ಖರ್ಚಿನ ಶೇ 15 ಪಾಲು ನಮ್ಮದೇ ಇರಬೇಕು. ಇಲ್ಲೇ ನಮ್ಮ ಕಡೆಯವರು ಸಿಕ್ಕಿಬೀಳುವುದು. 2002ರ ಸರ್ಫೇಸಿ ಎಂಬ ಸಾಲ ವಸೂಲಿ ಕಾಯಿದೆಯ 31ನೇ ಸೆಕ್ಷನ್ ಕೃಷಿಭೂಮಿಯನ್ನು ಹೊರಗಿಟ್ಟಿದೆ. ಸಾಲ ಕೆಟ್ಟರೆ ಕೋರ್ಟಿಗೆ ಹೋಗದೆ ಆ ಭೂಮಿಯನ್ನು ವಶಕ್ಕೆ ತೆಗೆದುಕೊಳ್ಳಲು ಬ್ಯಾಂಕಿಗೆ ಆಗುವುದಿಲ್ಲ. ಆದ್ದರಿಂದ ಮೂರೆಕರೆ ತೋಟದ ಆಧಾರ (ದಸ್ತಾವೇಜು) ತೋರಿಸಿದರೂ ಮ್ಯಾನೇಜರ್ ಕೇಳುವುದು ಮನೆ ಇರುವ ಹದಿನೈದು ಸೆಂಟ್ಸ್ ಜಾಗೆಯನ್ನು, ಇಲ್ಲವೇ ಪೇಟೆಯ ಕಟ್ಟಡವನ್ನು, ಫಿಕ್ಸೆಡ್ ಡಿಪಾಸಿಟನ್ನು. ತೋಟ ಉಳಿದು ಮನೆಯೇ ಅಡವಿಗೆ ಹೋಗುತ್ತದೆ. ವಿಲೇಜ್ ಆಫೀಸಿನಿಂದ ಈ ವರ್ಷದ ತೆರಿಗೆ ರಶೀದಿ, ಪೊಸೆಶನ್ ಸರ್ಟಿಫಿಕೇಟ್, ಲೊಕೇಶನ್ ಸ್ಕೆಚ್. ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಋಣಭಾರ ಪತ್ರ. ಹಿಂದಿನ ಆಧಾರಗಳ ಸರಣಿ. ಬ್ಯಾಂಕಿನ ವಕೀಲರ ಅಭಿಪ್ರಾಯ. ಅಜ್ಜನ ಹೆಸರಿನಲ್ಲಿದ್ದದ್ದು ಪಾಲಾಗಿಲ್ಲ ಎಂದಾದರೆ ಅಲ್ಲಿಗೆ ನಿಂತಿತು. ಅತ್ತೆ, ಚಿಕ್ಕಪ್ಪಂದಿರೆಲ್ಲರ ಸಹಿ ಆಗುವ ಹೊತ್ತಿಗೆ ಸೆಪ್ಟೆಂಬರ್ ಪ್ರವೇಶ ದಾಟಿ ಹೋಗಿರುತ್ತದೆ.

ವೀಸಾದ ಹಣದ ನಿಯಮದಲ್ಲಿ ಕಾಸರಗೋಡಿನವರು ಎಡವುವ ಒಂದು ಜಾಗ ಬೇರೆ ಇದೆ. ಮೊದಲ ವರ್ಷದ ಫೀಯಲ್ಲಿ ಬಾಕಿ ಇರುವುದು ಮತ್ತು ಒಂಬತ್ತು ತಿಂಗಳ ಖರ್ಚು ಬ್ಯಾಂಕ್ ಖಾತೆಯಲ್ಲಿ ಸತತ 28 ದಿನ ಇರಬೇಕು. ಮಧ್ಯೆ ಒಂದು ದಿನ ಕಡಿಮೆಯಾದರೂ ಎಣಿಕೆ ಮೊದಲಿಂದ. ಆ ಖಾತೆ ವಿದ್ಯಾರ್ಥಿಯದೋ ತಂದೆತಾಯಿಯದೋ ಆಗಿರಬೇಕು. ದುಬೈಯಲ್ಲಿರುವ ಅಣ್ಣನ ಖಾತೆ, ಮಾವನ ಖಾತೆ ನಡೆಯುವುದಿಲ್ಲ; ಅವರು ಕೊಡುವುದಾದರೆ ಮೊದಲೇ ವಿದ್ಯಾರ್ಥಿಯ ಖಾತೆಗೆ ಹಾಕಿ 28 ದಿನ ಕಾಯಬೇಕು. ತಂದೆಯ ಖಾತೆಯಾದರೆ ಜನನ ಪ್ರಮಾಣಪತ್ರ ಜೊತೆಗಿಡಬೇಕು. ಎಸ್ಸೆಸ್ಸೆಲ್ಸಿ ಪುಸ್ತಕದಲ್ಲಿ ಮನೆತನದ ಇನಿಶಿಯಲ್, ಪಾಸ್‌ಪೋರ್ಟಿನಲ್ಲಿ ಬಿಡಿಸಿದ ಹೆಸರು, ಜನನ ಪತ್ರದಲ್ಲಿ ತಂದೆಯ ಹೆಸರು ಮಲಯಾಳದ ಉಚ್ಚಾರದಲ್ಲಿ: ಇವು ಮೂರೂ ಬೇರೆಬೇರೆ ಇರುವುದು ಇಲ್ಲಿನ ಕನ್ನಡ ಮನೆಗಳಲ್ಲಿ ಸಾಮಾನ್ಯ. ಇದನ್ನು ಸರಿಮಾಡಿಸಲು ತಿಂಗಳುಗಳೇ ಬೇಕಾಗಬಹುದು, ಆಫರ್ ಬರುವ ಮೊದಲೇ ಶುರುಮಾಡಬೇಕು. ಎಂಎ ಕನ್ನಡ ಮಾಧ್ಯಮದಲ್ಲಿ ಆಗಿದ್ದರೆ ‘ಇಂಗ್ಲಿಷ್ ಮಾಧ್ಯಮ’ ಪತ್ರ ಸಿಗುವುದಿಲ್ಲ, ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆ ಬರೆಯಲೇಬೇಕು. ಬಹಳ ಕಡೆ ಕೇಳುವುದು 6.5 ಅಥವಾ 7.

ಹಣ ಹೊಂದಿತು, ಹೋದದ್ದೂ ಆಯಿತು ಎಂದಿಟ್ಟುಕೊಳ್ಳಿ. ಲೆಕ್ಕ ತಪ್ಪುವುದು ನಾಲ್ಕನೇ ವರ್ಷದಲ್ಲಿ. ಮೂರು ವರ್ಷದ ಕೋರ್ಸು ಎಂದು ಹಾಳೆಯಲ್ಲಿ ಇದ್ದರೂ ಪ್ರಬಂಧ ಸಲ್ಲಿಸುವುದು ಸಾಮಾನ್ಯವಾಗಿ ಮೂರೂವರೆಯಿಂದ ನಾಲ್ಕು ವರ್ಷಕ್ಕೆ. ಆಗ ಅವಧಿ ಮೀರಿದ್ದಕ್ಕೆ ಕಂಟಿನ್ಯುಯೇಶನ್ ಫೀ, ವೀಸಾ ವಿಸ್ತರಣೆ, ಮತ್ತೆ ಆರೋಗ್ಯ ಸರ್‌ಚಾರ್ಜ್, ಮತ್ತೆ ಬಾಡಿಗೆ. ಮಂಜೂರಾದ ಸಾಲ ಆ ಹೊತ್ತಿಗೆ ಮುಗಿದಿರುತ್ತದೆ. ಇನ್ನು ರೂಪಾಯಿ. 2022ರ ಸೆಪ್ಟೆಂಬರ್ ಕೊನೆಗೆ 90 ರೂಪಾಯಿಗಿಂತ ಕೆಳಗಿಳಿದಿದ್ದ ಪೌಂಡ್ 2025ರ ನಡುವಿಗೆ 115 ದಾಟಿತ್ತು. ಆಗ ಹೊರಟವರು ಮೊದಲ ವರ್ಷದ ಲೆಕ್ಕವನ್ನೇ ಮೂರನೆಯ ವರ್ಷಕ್ಕೂ ಹಿಡಿದಿದ್ದರೆ, ಫೀ ಒಂದು ಪೌಂಡೂ ಏರದಿದ್ದರೂ ಕಾಲು ಪಾಲು ಹೆಚ್ಚು ರೂಪಾಯಿ ಬೇಕಾಯಿತು. ಸಾಲ ಕೇಳುವಾಗ ಇದಕ್ಕೆಂದು ಶೇ 20 ಬೇರೆ ಇಟ್ಟುಕೊಳ್ಳದ ಬಜೆಟ್ ಬಜೆಟ್ಟೇ ಅಲ್ಲ.

ಒಂಬತ್ತರಿಂದ ಹದಿನೆಂಟು ತಿಂಗಳ ನಡುವೆ ಅಪ್‌ಗ್ರೇಡ್ ಎಂಬ ಪರೀಕ್ಷೆ ಬರುತ್ತದೆ. ಅದರಲ್ಲಿ ತೇರ್ಗಡೆಯಾಗದಿದ್ದರೆ ಎಂಫಿಲ್ ಪಡೆದು ಹೊರಡಬೇಕು. ಕಟ್ಟಿದ ಫೀ ಕಟ್ಟಿದ ಹಾಗೆಯೇ. ಗೈಡ್ ಬೇರೆ ವಿಶ್ವವಿದ್ಯಾನಿಲಯಕ್ಕೆ ಹೋಗುವುದು ಅಲ್ಲಿ ಅಪರೂಪವಲ್ಲ. ಪ್ರಾಜೆಕ್ಟಿನ ಹಣದಲ್ಲಿ ಓದುವವರನ್ನು ಗೈಡ್ ಜೊತೆಗೆ ಕರೆದುಕೊಂಡು ಹೋಗುವ ದಾರಿ ಕೆಲವೊಮ್ಮೆ ಇರುತ್ತದೆ. ಸ್ವಂತ ಹಣದವರು ಹೊಸ ಪ್ರವೇಶ, ಹೊಸ ಫೀ, ಹೊಸ ವೀಸಾ ಎಂದು ಮೊದಲಿಂದ ಶುರುಮಾಡಬೇಕಾಗುತ್ತದೆ. ಪಾರ್ಟ್‌ಟೈಮ್ ದುಡಿದು ಕೂಡಿಸುತ್ತೇನೆ ಎಂಬ ಭರವಸೆಗೂ ಮಿತಿ ಇದೆ: ವಾರಕ್ಕೆ 20 ಗಂಟೆ. ಪಿಎಚ್‌ಡಿಯವರಿಗೆ ಬಿಎ ವಿದ್ಯಾರ್ಥಿಗಳ ಹಾಗೆ ಬೇಸಿಗೆ ರಜೆ ಇಲ್ಲವಾದ್ದರಿಂದ ರಜೆಯಲ್ಲಿ ಪೂರ್ತಿ ದುಡಿಯುವ ಲೆಕ್ಕವೂ ನಡೆಯದು. 20 ಗಂಟೆಯ ದುಡಿಮೆಯಿಂದ ಊಟ, ಬಾಡಿಗೆ ಬಹುಮಟ್ಟಿಗೆ ಹೊಂದೀತು, ಫೀ ಅಲ್ಲ. ರಾತ್ರಿ ಅಂಗಡಿಯ ಕಪಾಟು ತುಂಬಿ ಬಂದವರು ಬೆಳಿಗ್ಗೆ ಅಧ್ಯಾಯ ಬರೆಯುವುದು ನಿಧಾನವಾಗುತ್ತದೆ, ನಿಧಾನವಾದಂತೆ ನಾಲ್ಕನೇ ವರ್ಷ ಉದ್ದವಾಗುತ್ತದೆ.

ಇಷ್ಟೆಲ್ಲ ಬ್ರಿಟನ್ನಿನ ಮಾತು. ಹೊರದೇಶದ ಪಿಎಚ್‌ಡಿ ಎಂದರೆ ಅದೊಂದೇ ದೇಶವಲ್ಲ ಎಂಬುದನ್ನು ನಮ್ಮ ಹುಡುಗರಿಗೆ ಏಜೆನ್ಸಿಗಳು ಹೇಳುವುದಿಲ್ಲ. ಫೀ ಇಲ್ಲದ ಕಡೆ ಅವರಿಗೆ ಕಮಿಷನ್ ಇಲ್ಲ. ಜರ್ಮನಿಯ ಸರಕಾರಿ ವಿಶ್ವವಿದ್ಯಾನಿಲಯಗಳಲ್ಲಿ ಪಿಎಚ್‌ಡಿಗೆ ಟ್ಯೂಶನ್ ಫೀಯೇ ಇಲ್ಲ, ಸೆಮಿಸ್ಟರಿಗೆ ಕೆಲವು ನೂರು ಯೂರೋ ಕಟ್ಟಿದರೆ ಮುಗಿಯಿತು. ಸಂಬಳ ಇಲ್ಲದೆ ಹೋಗುವುದಾದರೂ ತೋರಿಸಬೇಕಾದದ್ದು ವರ್ಷಕ್ಕೆ 11,904 ಯೂರೋ ಇರುವ ಬ್ಲಾಕ್ಡ್ ಅಕೌಂಟ್, ಅದು ನಮ್ಮದೇ ಹಣ, ತಿಂಗಳಿಗೆ 992ರಂತೆ ಮರಳಿ ಕೈಗೆ ಬರುತ್ತದೆ. ನೆದರ್‌ಲ್ಯಾಂಡ್ಸ್, ಡೆನ್ಮಾರ್ಕ್, ಸ್ವೀಡನ್, ನಾರ್ವೆಗಳಲ್ಲಿ ಪಿಎಚ್‌ಡಿ ಬಹುಪಾಲು ಉದ್ಯೋಗವೇ. ಖಾಲಿ ಹುದ್ದೆ ಎಂದು ಪ್ರಕಟಣೆ ಹೊರಡಿಸುತ್ತಾರೆ, ಅರ್ಜಿ, ಸಂದರ್ಶನ, ಸಂಬಳ ಎಲ್ಲ ಹುದ್ದೆಯ ಹಾಗೆಯೇ. ನ್ಯೂಜಿಲ್ಯಾಂಡಿನಲ್ಲಿ ಹೊರದೇಶದ ಪಿಎಚ್‌ಡಿ ವಿದ್ಯಾರ್ಥಿಯೂ ಕಟ್ಟುವುದು ಅಲ್ಲಿನವರ ಫೀಯನ್ನೇ. ಫ್ರಾನ್ಸಿನಲ್ಲಿ ವರ್ಷಕ್ಕೆ 400 ಯೂರೋ ಆಸುಪಾಸು. ಅಮೆರಿಕದಲ್ಲಿ ಒಳ್ಳೆಯ ವಿಭಾಗಗಳು ಫೀ ಮನ್ನಾ ಮಾಡಿ, ಪಾಠ ಹೇಳಿಸಿಯೋ ಲ್ಯಾಬಿನಲ್ಲಿ ದುಡಿಸಿಯೋ ಐದು ವರ್ಷ ಸ್ಟೈಪೆಂಡ್ ಕೊಡುತ್ತವೆ. ಅಲ್ಲಿ ಹಣವಿಲ್ಲದ ಪಿಎಚ್‌ಡಿ ಪ್ರವೇಶ ಬಂದರೆ ಅದನ್ನು ಮರ್ಯಾದೆಯ ನಿರಾಕರಣೆ ಎಂದೇ ಓದಿಕೊಳ್ಳಬೇಕು. ಬ್ರಿಟನ್ನಿನಲ್ಲೂ 2021ರಿಂದ ಸರಕಾರಿ ಸಂಶೋಧನಾ ಮಂಡಳಿಗಳು ಫೀ, ಖರ್ಚು ಕೊಡುವ ಸ್ಟೂಡೆಂಟ್‌ಶಿಪ್‌ಗಳಲ್ಲಿ ಶೇ 30ರವರೆಗೆ ಹೊರದೇಶದವರಿಗೆ ಕೊಡಬಹುದು.

ಆ ಪದವಿ ಇಲ್ಲಿ ತೆರೆಯುವ ಬಾಗಿಲು ಯಾವುದು? ಯುಜಿಸಿಯ 2018ರ ನಿಯಮದಲ್ಲಿ ಕ್ಯೂಎಸ್, ಟೈಮ್ಸ್, ಶಾಂಘೈ ಈ ಮೂರರಲ್ಲಿ ಯಾವುದಾದರೂ ಒಂದು ಜಾಗತಿಕ ರ್‍ಯಾಂಕಿಂಗ್ ಪಟ್ಟಿಯ ಮೊದಲ 500ರೊಳಗಿನ ಹೊರದೇಶದ ವಿಶ್ವವಿದ್ಯಾನಿಲಯದ ಪಿಎಚ್‌ಡಿ ಇದ್ದರೆ ನೆಟ್ ಎಂಬ ಅರ್ಹತಾ ಪರೀಕ್ಷೆ ಇಲ್ಲದೆಯೂ ಅಸಿಸ್ಟೆಂಟ್ ಪ್ರೊಫೆಸರ್ ಅರ್ಜಿಗೆ ಅರ್ಹತೆ ಇದೆ. 500ರ ಹೊರಗಿನದಾದರೆ ಈ ರಿಯಾಯಿತಿ ಇಲ್ಲ. ಸ್ವಂತ ಹಣದ ಆಫರ್‌ಗಳಲ್ಲಿ ಇದನ್ನು ನೋಡದೆ ಒಪ್ಪಿಕೊಂಡವರಿಗೆ ಆಮೇಲೆ ನೆಟ್ ಬರೆಯದೆ ದಾರಿಯಿಲ್ಲ. ಊರಲ್ಲೇ ಕೂತು ಆನ್‌ಲೈನ್‌ನಲ್ಲಿ ಹೊರದೇಶದ ಪಿಎಚ್‌ಡಿ ಎಂದು ಮಾರುವವರಿದ್ದಾರೆ. ಅಂಥವಕ್ಕೆ ಮಾನ್ಯತೆ ಇಲ್ಲವೆಂದು ಯುಜಿಸಿ 2022ರಲ್ಲೇ ಎಚ್ಚರಿಸಿದೆ, ಆ ಕಡೆ ತಲೆಹಾಕಬೇಡಿ. ಇನ್ನು ಆ ಬಾಗಿಲನ್ನು ಇಲ್ಲಿನ ಪಿಎಚ್‌ಡಿಯೂ ತೆರೆಯುತ್ತದಲ್ಲ? ಜೆಆರ್‌ಎಫ್ ಎಂಬ ಸಂಶೋಧನಾ ಫೆಲೋಶಿಪ್ ಸಿಕ್ಕಿದವರಿಗೆ 2023ರಿಂದ ಮೊದಲ ಎರಡು ವರ್ಷ ತಿಂಗಳಿಗೆ 37,000, ಆಮೇಲೆ 42,000, ಜೊತೆಗೆ ಮನೆಬಾಡಿಗೆ ಭತ್ಯೆ. ನಾಲ್ಕು ವರ್ಷದಲ್ಲಿ 18 ಲಕ್ಷ 96 ಸಾವಿರ ಕೈಗೆ ಬಂದಿರುತ್ತದೆ. ಪೆರಿಯದ ಕೇಂದ್ರೀಯ ವಿಶ್ವವಿದ್ಯಾನಿಲಯ ಇದೆ, ತಲಪಾಡಿ ದಾಟಿದರೆ ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯ ಇದೆ. ಅಡಿಕೆ, ತೆಂಗು, ಕೊಕ್ಕೊದ ಮೇಲೆ ಕೆಲಸ ಮಾಡುವವರಿಗೆ 1916ರಲ್ಲಿ ತೆಂಗು ಸಂಶೋಧನಾ ಕೇಂದ್ರವಾಗಿ ಶುರುವಾದ ಸಿಪಿಸಿಆರ್‌ಐ (ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ) ಕೂಡ್ಲಿನಲ್ಲೇ ಇದೆ; ಹಳದಿ ಎಲೆ ರೋಗದ ತೋಟ ನೋಡಲು ಯಾವ ದೇಶಕ್ಕೂ ಹೋಗಬೇಕಾಗಿಲ್ಲ.

ಕನ್ನಡ, ತುಳು, ಯಕ್ಷಗಾನ, ಮಿಶನ್ ಇತಿಹಾಸ ಎಂದು ಹೊರಡುವವರ ವಿಷಯ ನನಗೆ ಹೆಚ್ಚು ಹತ್ತಿರದ್ದು. ‘ಮೂಲ ದಾಖಲೆ ಅಲ್ಲಿದೆ’ ಎಂಬುದು ಅವರ ಕಾರಣ, ಅದು ಸುಳ್ಳಲ್ಲ. ಬಾಸೆಲ್ ಮಿಶನ್ನಿನ ಕಾಗದಪತ್ರಗಳು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿವೆ, ಮಲಯಾಳ ನಿಘಂಟು ಮಾಡಿದ ಗುಂಡರ್ಟರ ಸಂಗ್ರಹ ಜರ್ಮನಿಯ ಟ್ಯೂಬಿಂಗನ್‌ನಲ್ಲಿದೆ. 1894ರ ಕನ್ನಡ ನಿಘಂಟಿಗಾಗಿ ಕಿಟ್ಟೆಲರಿಗೆ ಗೌರವ ಡಾಕ್ಟರೇಟ್ ಕೊಟ್ಟದ್ದೂ ಅದೇ ಟ್ಯೂಬಿಂಗನ್. ಆದರೆ ಗುಂಡರ್ಟ್ ಸಂಗ್ರಹವನ್ನು ಡಿಜಿಟಲ್ ಮಾಡಿ ಎಲ್ಲರಿಗೂ ತೆರೆದಿಟ್ಟಿದ್ದಾರೆ, ಬಾಸೆಲ್‌ನ ಹಳೆಯ ಚಿತ್ರಗಳು ಇಂಟರ್ನೆಟ್ಟಿನಲ್ಲೇ ಸಿಗುತ್ತವೆ. ಉಳಿದ ಕೈಬರಹದ ಕಡತಕ್ಕೆ ಆರು ತಿಂಗಳು ಅಲ್ಲಿ ಕೂತರೆ ಸಾಕಾದೀತು. ಹಾಗೆ ಕೂರಲು ಹಣ ಕೊಡುವವರಿದ್ದಾರೆ: ಇಲ್ಲಿ ಪಿಎಚ್‌ಡಿಗೆ ನೋಂದಾಯಿಸಿದವರಿಗೆ ಜರ್ಮನಿಯ ಡಾಡ್ (DAAD) ಸಂಸ್ಥೆಯ ಎರಡು ದೇಶಗಳ ಜಂಟಿ ಮಾರ್ಗದರ್ಶನದ ವಿದ್ಯಾರ್ಥಿವೇತನ, ಅಮೆರಿಕಕ್ಕಾದರೆ ಆರರಿಂದ ಒಂಬತ್ತು ತಿಂಗಳ ಫುಲ್‌ಬ್ರೈಟ್-ನೆಹರೂ ಫೆಲೋಶಿಪ್. ಮೊದಲು ಅಲ್ಲಿನ ಲೈಬ್ರರಿಯ ಕ್ಯಾಟಲಾಗ್ ತೆರೆದು ನಿಮಗೆ ಬೇಕಾದ ಕಡತಗಳ ಸಂಖ್ಯೆ ಬರೆದುಕೊಳ್ಳಿ. ಪಟ್ಟಿ ಎರಡು ಪುಟಕ್ಕೆ ಮುಗಿದರೆ ನಿಮಗೆ ಬೇಕಾದದ್ದು ಒಂದು ಪ್ರವಾಸ. ಗಡಿಯ ಮಾತಿನ ಮೇಲೆ, ಕನ್ನಡ-ತುಳು-ಮಲಯಾಳ-ಮರಾಟಿ ಕಲೆಯುವ ಬಗೆಯ ಮೇಲೆ ಕೆಲಸ ಮಾಡುವವರಿಗಂತೂ ಕುಂಬಳೆ, ಉಪ್ಪಳ, ಅಡೂರೇ ಕ್ಷೇತ್ರ. ಬ್ರಿಟನ್ನಿನ ಲೀಡ್ಸಿನಲ್ಲಿ ಫೀ ಕಟ್ಟಿ ಮತ್ತೆ ಉಪ್ಪಳಕ್ಕೇ ಬಂದು ಕೂರುವುದಕ್ಕೆ ಅರ್ಥವಿಲ್ಲ.

ಕೇಂದ್ರ ಸರಕಾರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಪರಿಶಿಷ್ಟ ಜಾತಿಯವರಿಗೆ, ಅಲೆಮಾರಿ ಸಮುದಾಯದವರಿಗೆ, ಭೂರಹಿತ ಕೃಷಿಕಾರ್ಮಿಕರ ಹಾಗೂ ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳಿಗೆ ಹೊರದೇಶದ ಪಿಎಚ್‌ಡಿಗೆ ಫೀ, ಖರ್ಚು ಎರಡನ್ನೂ ಕೊಡುತ್ತದೆ. ಪರಿಶಿಷ್ಟ ಪಂಗಡದವರಿಗೆ ಬುಡಕಟ್ಟು ವ್ಯವಹಾರಗಳ ಸಚಿವಾಲಯದ್ದು ಬೇರೆ ಇದೆ. ನಮ್ಮ ಜಿಲ್ಲೆಯ ಕೊರಗ, ಮರಾಟಿ, ಮಲೆಕುಡಿಯ ಮಕ್ಕಳಿಗೆ ಈ ಮಾತು ತಲುಪಲೇಬೇಕು. ಮೊದಲನೆಯದರಲ್ಲಿ ಒಂದು ಮುಳ್ಳಿದೆ: 2022-23ರ ಮಾರ್ಗಸೂಚಿಯಲ್ಲಿ ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ, ಸಮಾಜ ಕುರಿತ ವಿಷಯಗಳನ್ನು ಕೈಬಿಟ್ಟರು. ಭೂತಾರಾಧನೆಯನ್ನೋ ಭೂಸಂಬಂಧವನ್ನೋ ತನ್ನ ಸಮುದಾಯದ ಒಳಗಿನಿಂದ ಬರೆಯಬಲ್ಲ ವಿದ್ಯಾರ್ಥಿಗೆ ಬಾಗಿಲು ಮುಚ್ಚಿದ್ದು ದೊಡ್ಡ ಅನ್ಯಾಯ ಎಂದೇ ನನ್ನ ಭಾವನೆ. ಅರ್ಜಿ ಹಾಕುವ ವರ್ಷದ ಮಾರ್ಗಸೂಚಿಯನ್ನು ಸಾಲುಸಾಲಾಗಿ ಓದಿಕೊಳ್ಳಿ.

ಹಾಗಾದರೆ ಸ್ವಂತ ಹಣದಲ್ಲಿ ಯಾರೂ ಹೋಗಬಾರದೇ? ಹೋಗಬಹುದಾದವರು ಇದ್ದಾರೆ. ಫೀ ಮನ್ನಾ ಆಗಿ ಊಟ-ಬಾಡಿಗೆ ಮಾತ್ರ ತಮ್ಮ ಮೇಲೆ ಬೀಳುವವರು. ಗಂಡನಿಗೋ ಹೆಂಡತಿಗೋ ಆ ದೇಶದಲ್ಲೇ ಸಂಬಳವಿರುವವರು. ಬ್ರಿಟನ್ನಿನಲ್ಲಿ 2024ರ ಜನವರಿಯಿಂದ ಸಂಗಾತಿಯನ್ನು ಕರೆದೊಯ್ಯುವ ಅವಕಾಶ ಹೊಸ ವಿದ್ಯಾರ್ಥಿಗಳಲ್ಲಿ ಬಹುಮಟ್ಟಿಗೆ ಸಂಶೋಧನೆಯವರಿಗಷ್ಟೇ ಉಳಿದಿದೆ, ಸಂಗಾತಿ ಅಲ್ಲಿ ದುಡಿಯಬಹುದು. ಆರೋಗ್ಯ ಅರ್ಥಶಾಸ್ತ್ರದಂತೆ ವಿಶ್ವವಿದ್ಯಾನಿಲಯದ ಹೊರಗೂ ಕೆಲಸವಿರುವ ವಿಷಯದವರು, ಪಿಎಚ್‌ಡಿ ಮುಗಿದ ಮೇಲೆ ಸಿಗುವ ಮೂರು ವರ್ಷದ ಗ್ರಾಜುಯೇಟ್ ವೀಸಾದಲ್ಲಿ ಅಲ್ಲೇ ನೆಲೆಯೂರುವ ಸ್ಪಷ್ಟ ಮನಸ್ಸಿದ್ದವರು. ಇರುವ ಹಣ ಪೂರ್ತಿ ಹೋದರೂ ಮನೆ ಅಲ್ಲಾಡದವರು. ಕೊನೆಯದರ ಪರೀಕ್ಷೆ ಸುಲಭ: ಎರಡನೇ ವರ್ಷದಲ್ಲಿ ಅಪ್‌ಗ್ರೇಡ್ ಆಗಲಿಲ್ಲ, 60 ಲಕ್ಷ ಹೋಯಿತು, ಮಗ ಊರಿಗೆ ಬಂದ. ಆಗ ತಂಗಿಯ ಓದು ನಿಲ್ಲುತ್ತದೆಯೇ, ಮನೆ ಹರಾಜಾಗುತ್ತದೆಯೇ? ಎರಡಕ್ಕೂ ಇಲ್ಲ ಎಂದು ಅಪ್ಪ-ಅಮ್ಮ ಇಬ್ಬರೂ ಹೇಳಬಲ್ಲರಾದರೆ ಹೊರಡಬಹುದು.

ಆಫರ್ ಲೆಟರ್ ಈಗಾಗಲೇ ಕೈಯಲ್ಲಿ ಇರುವವರು ಮೊದಲು ಅದು ಬಂದ ತಿಂಗಳನ್ನು ನೋಡಿ. ಬ್ರಿಟನ್ನಿನ ಸ್ಟೂಡೆಂಟ್‌ಶಿಪ್‌ಗಳ ಗಡುವು ಹೆಚ್ಚಾಗಿ ಡಿಸೆಂಬರ್, ಜನವರಿ. ಮಾರ್ಚಿನಲ್ಲಿ ಅರ್ಜಿ ಹಾಕಿ ಮೇಯಲ್ಲಿ ‘ಸೆಲ್ಫ್’ ಎಂದು ಬಂದಿದ್ದರೆ, ನಿಮ್ಮ ಯೋಜನೆ ಕಳಪೆ ಎಂದೇನೂ ಅದರ ಅರ್ಥವಲ್ಲ. ಹಣ ಹಂಚಿ ಮುಗಿದ ಮೇಲೆ ನೀವು ಹೋಗಿದ್ದೀರಿ. ಡಿಪಾಸಿಟ್ ಕಟ್ಟಬೇಡಿ, ವೀಸಾ ನಿರಾಕರಣೆ ಬಿಟ್ಟು ಬೇರೆ ಕಾರಣಕ್ಕೆ ಅದು ಮರಳುವುದು ಕಷ್ಟ. ಗೈಡ್‌ಗೆ ಪತ್ರ ಬರೆದು ನಾಲ್ಕು ವಿಷಯ ಕೇಳಿ: ನಿಮ್ಮ ಈಗಿನ ವಿದ್ಯಾರ್ಥಿಗಳಲ್ಲಿ ಸ್ವಂತ ಹಣದವರೆಷ್ಟು, ಈಚೆಗೆ ಮುಗಿಸಿದವರಿಗೆ ಎಷ್ಟು ವರ್ಷ ಹಿಡಿಯಿತು, ಅವರು ಈಗ ಎಲ್ಲಿದ್ದಾರೆ, ಪ್ರವೇಶವನ್ನು ಒಂದು ವರ್ಷ ಮುಂದೂಡಿ ಬರುವ ಡಿಸೆಂಬರಿನ ಸ್ಟೂಡೆಂಟ್‌ಶಿಪ್ಪಿಗೆ ನನ್ನ ಹೆಸರನ್ನು ನೀವು ಶಿಫಾರಸು ಮಾಡುವಿರಾ. ನಾಲ್ಕನೆಯದಕ್ಕೆ ಹೌದು ಎಂದು ಬಂದರೆ ಜೂನ್‌ನಿಂದ ನವೆಂಬರ್‌ವರೆಗೆ ಆರು ತಿಂಗಳು ಸಿಕ್ಕಿತು: ಯೋಜನೆಯನ್ನು ಅವರೊಡನೆ ಕೂತು ತಿದ್ದಲು, ಜರ್ಮನಿಗೂ ಸ್ವೀಡನ್ನಿಗೂ ಅರ್ಜಿ ಹಾಕಲು, ನೆಟ್ ಬರೆಯಲು, ಜನನ ಪತ್ರದಲ್ಲಿ ಅಪ್ಪನ ಹೆಸರು ಸರಿಮಾಡಿಸಲು. ಉತ್ತರವೇ ಬಾರದಿದ್ದರೆ ಎರಡು ವಾರ ಬಿಟ್ಟು ಇನ್ನೊಮ್ಮೆ ಬರೆಯಿರಿ. ಆಗಲೂ ಬಾರದಿದ್ದರೆ, ನಾಲ್ಕು ವರ್ಷ ಆ ವ್ಯಕ್ತಿಯ ಉತ್ತರಕ್ಕಾಗಿ ಕಾಯಲು ನೀವು ವರ್ಷಕ್ಕೆ 24,000 ಪೌಂಡ್ ಕಟ್ಟಲು ಹೊರಟಿದ್ದಿರಿ.